ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ: ಪಾಠವಿಮರ್ಶೆಗೆ ಗಣಿತದ ಸಾಕ್ಷ್ಯ

ಜೈನ ಸಿದ್ಧಾಂತಗ್ರಂಥಗಳಲ್ಲಿ ಮನುಷ್ಯಜೀವಿಗಳ ಪ್ರಮಾಣವನ್ನು ಹೇಳುವ ಸಂದರ್ಭದಲ್ಲಿ ಒಂದು ಸಂಖ್ಯೆ ಕಾಣಿಸಿಕೊಳ್ಳುತ್ತದೆ: 79228162514264337593543950336. ಇದರಲ್ಲಿ ಇಪ್ಪತ್ತೊಂಬತ್ತು ಅಂಕಗಳಿವೆ. ಆಧುನಿಕ ಗಣಿತದ ಪರಿಭಾಷೆಯಲ್ಲಿ ಇದು ಎರಡರ 96ನೆಯ ಘಾತ. ಎಂದರೆ ತೊಂಬತ್ತಾರು ಎರಡುಗಳನ್ನು ಒಂದರಿಂದೊಂದು ಗುಣಿಸಿದಾಗ ಬರುವ ಫಲ. ಸಾಹಿತ್ಯದ ವಿದ್ಯಾರ್ಥಿಗಳು ಇಂತಹ ಸಂಖ್ಯೆಯನ್ನು ಕಂಡೊಡನೆ ಪುಟ ತಿರುಗಿಸುವುದು ಇಂದಿನ ರೂಢಿ. ಅದು ಗಣಿತಜ್ಞರ ಪಾಲಿನದೆಂದು ಭಾಷಾಶಾಸ್ತ್ರದವರೂ, ಅದು ಪ್ರಾಕೃತ-ಕನ್ನಡ ಬಲ್ಲವರ ಪಾಲಿನದೆಂದು ಗಣಿತದವರೂ ಬಿಟ್ಟುಬಿಟ್ಟಿದ್ದಾರೆ. ಈ ಪರಸ್ಪರ ಸೌಜನ್ಯದಿಂದ ನಷ್ಟವಾಗಿರುವುದು ಸಾಹಿತ್ಯವಿದ್ವತ್ತಿಗೇ. ಏಕೆಂದರೆ ಈ ಸಂಖ್ಯೆ ಮೂಲತಃ ಒಂದು ಪಾಠದ ಸಮಸ್ಯೆ, ಒಂದು ಛಂದಸ್ಸಿನ ಸಮಸ್ಯೆ, ಒಂದು ವ್ಯಾಖ್ಯಾನದ ಸಮಸ್ಯೆ. ಈ ಮೂರೂ ಸಾಹಿತ್ಯದ ಅಧ್ಯಾಪಕನ ಮೇಜಿನ ಮೇಲಿರಬೇಕಾದವು.

ಈ ಸಂಖ್ಯೆಯನ್ನು ಪ್ರಾಚೀನರು ಹೇಗೆ ಹೇಳಿದರೆಂಬುದು ಮೊದಲು ಗಮನಿಸಬೇಕಾದ ಸಂಗತಿ. ಹೆಸರಿಟ್ಟು ಹೇಳುವ ದಾರಿ ಅವರಿಗೆ ಸುಲಭವಾಗಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಏಕ, ದಶ, ಶತಗಳಿಂದ ತೊಡಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ ಆ ಪಟ್ಟಿಯನ್ನೂ ಮೀರಿ ಐದು ಸ್ಥಾನ ಮುಂದಕ್ಕೆ ಹೋಗುತ್ತದೆ. ಹೆಸರು ಸಾಲದ ಕಡೆ ರಚನೆಯನ್ನು ಹೇಳಬೇಕು. ಅನುಯೋಗದ್ವಾರಸೂತ್ರವು ಮಾಡಿರುವುದು ಇದನ್ನೇ. ಅದು ಈ ರಾಶಿಯನ್ನು ಗುರುತಿಸಲು ಹಲವು ಬಗೆಯ ವಿವರಣೆಗಳನ್ನು ಕೊಡುತ್ತದೆ: ಇಪ್ಪತ್ತೊಂಬತ್ತು ಸ್ಥಾನಗಳುಳ್ಳದ್ದು, ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದಾಗ ಬರುವಂಥದ್ದು, ತೊಂಬತ್ತಾರು ಸಲ ಅರ್ಧಿಸಲು ಬರುವಂಥದ್ದು.

ಇಲ್ಲಿ ‘ವರ್ಗ’ವೆಂದರೆ ಎರಡರಿಂದ ತೊಡಗಿದ ವರ್ಗಧಾರೆಯ ಮೆಟ್ಟಿಲು. ಎರಡರ ವರ್ಗ 4, ಅದು ಮೊದಲನೆಯದು. ಅದರ ವರ್ಗ 16, ಮತ್ತೆ 256, ಮತ್ತೆ 65536. ನಾಲ್ಕನೆಯದಾದ ಈ 65536ಕ್ಕೆ ಪ್ರಾಕೃತದಲ್ಲಿ ‘ಪಣ್ಣಟ್ಠಿ’ ಎಂಬ ಹೆಸರಿದೆ. ಅರವತ್ತೈದು ಎಂದು ಅರ್ಥ. ಐದನೆಯ ವರ್ಗ 4294967296. ಇದು ‘ಬಾದಾಲ’, ಎಂದರೆ ನಲವತ್ತೆರಡು. ಆರನೆಯದು 18446744073709551616, ಇದು ‘ಏಕಟ್ಠಿ’, ಒಂದು-ಎಂಟು. ಪ್ರತಿಯೊಂದು ಸಂಖ್ಯೆಯನ್ನೂ ಅದರ ಮೊದಲ ಎರಡು ಅಂಕಗಳಿಂದ ಕರೆಯುವ ಈ ಪದ್ಧತಿ ಪಾಠಶಾಲೆಯ ಅಭ್ಯಾಸದಿಂದ ಹುಟ್ಟಿದ್ದೆಂಬುದು ಹೆಸರುಗಳಲ್ಲೇ ಕಾಣುತ್ತದೆ. ದೀರ್ಘವಾದ ಪದ್ಯವನ್ನು ಅದರ ಮೊದಲ ಮಾತಿನಿಂದ ಕರೆಯುವ ರೂಢಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಬಾದಾಲವು ಎರಡರ 32ನೆಯ ಘಾತ, ಏಕಟ್ಠಿಯು 64ನೆಯ ಘಾತ. ಇವೆರಡನ್ನೂ ಗುಣಿಸಿದರೆ ಘಾತಗಳು ಕೂಡಿ 96 ಆಗುತ್ತವೆ. ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಬಳಸುವ ‘ಅರ್ಧಚ್ಛೇದ’ವೆಂಬ ಪರಿಭಾಷೆ ಈ ಘಾತವನ್ನೇ ಸೂಚಿಸುತ್ತದೆ. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದ. ಗುಣಲಬ್ಧದ ಅರ್ಧಚ್ಛೇದವು ಗುಣ್ಯ-ಗುಣಕಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮ. ಆದುದರಿಂದ ಅನುಯೋಗದ್ವಾರದ ಎರಡನೆಯ ಹಾಗೂ ಮೂರನೆಯ ವಿವರಣೆಗಳು ಬೇರೆಬೇರೆ ಹೇಳಿಕೆಗಳಲ್ಲ. ಒಂದು ಇನ್ನೊಂದಕ್ಕೆ ಸಾಕ್ಷಿ. ಗೊಮ್ಮಟಸಾರದ ಜೀವಕಾಂಡವು ಇದೇ ರಾಶಿಯನ್ನು ಐದನೆಯ ಕೃತಿಯ ಘನವೆಂದು ಹೇಳುತ್ತದೆ. ಕೃತಿಯೆಂದರೆ ವರ್ಗ. ಏಕಟ್ಠಿಯು ಬಾದಾಲದ ವರ್ಗವೇ ಆದುದರಿಂದ ಅದನ್ನು ಬಾದಾಲದಿಂದ ಗುಣಿಸುವುದೂ, ಬಾದಾಲವನ್ನು ಮೂರು ಸಲ ಇಟ್ಟು ಗುಣಿಸುವುದೂ ಒಂದೇ. ಶ್ವೇತಾಂಬರ ಪರಂಪರೆಯ ಗ್ರಂಥವೊಂದು, ದಿಗಂಬರ ಪರಂಪರೆಯ ಗ್ರಂಥವೊಂದು ಬೇರೆಬೇರೆ ಮಾತುಗಳಿಂದ ಒಂದೇ ಸಂಖ್ಯೆಯನ್ನು ತಲಪಿರುವುದು ಇತಿಹಾಸದ ಅಧ್ಯಯನಕ್ಕೆ ಒದಗುವ ಗಟ್ಟಿಯಾದ ಆಧಾರ.

ಈ ರಾಶಿಯು ಯಾವ ವರ್ಗಕ್ಕೆ ಸೇರುತ್ತದೆಂಬ ಪ್ರಶ್ನೆಗೆ ಪ್ರಾಚೀನರ ಉತ್ತರಗಳೂ ಆಧುನಿಕರ ಉತ್ತರಗಳೂ ಇವೆ. ಜೈನರು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತವೆಂದು ವಿಂಗಡಿಸಿ, ಸಂಖ್ಯಾತದಲ್ಲಿ ಮತ್ತೆ ಜಘನ್ಯ, ಮಧ್ಯಮ, ಉತ್ಕೃಷ್ಟವೆಂಬ ಭೇದಗಳನ್ನು ಹೇಳುತ್ತಾರೆ. ಜಘನ್ಯ ಸಂಖ್ಯಾತವು ಎರಡು. ಒಂದು ಎಣಿಕೆಗೆ ಬರುವುದಿಲ್ಲ. ಉತ್ಕೃಷ್ಟ ಸಂಖ್ಯಾತವನ್ನು ಸಾಸಿವೆ ತುಂಬಿದ ಮಹಾಕುಂಡಗಳ ಕಲ್ಪನೆಯಿಂದ ವಿವರಿಸುತ್ತಾರೆ. ಆ ಅಳತೆಯ ಮುಂದೆ ಇಪ್ಪತ್ತೊಂಬತ್ತು ಅಂಕಗಳ ಈ ಸಂಖ್ಯೆ ಕೇವಲ ಮಧ್ಯಮ ಸಂಖ್ಯಾತ. ದೊಡ್ಡದೆಂಬ ಮಾತ್ರಕ್ಕೆ ಅದು ಅಸಂಖ್ಯಾತವಾಗುವುದಿಲ್ಲವೆಂಬ ವಿವೇಕ ಇಲ್ಲಿದೆ. ಭಗವತೀಸೂತ್ರವು ನಾಲ್ಕರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಹಿಡಿದು ರಾಶಿಗಳನ್ನು ಕೃತಯುಗ್ಮ, ತ್ರ್ಯೋಜ, ದ್ವಾಪರಯುಗ್ಮ, ಕಲ್ಯೋಜವೆಂದು ನಾಲ್ಕಾಗಿ ವಿಭಜಿಸುತ್ತದೆ. ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವ ಈ ಸಂಖ್ಯೆ ಕೃತಯುಗ್ಮ. ಈ ಗುಣ ನಿರರ್ಥಕವಲ್ಲ. ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ತ್ರೀಯರೆಂದು ಗೊಮ್ಮಟಸಾರವು ಹೇಳುವಾಗ ಭಿನ್ನರಾಶಿ ಉಳಿಯದೆ ಪಾಲಾಗುವುದು ಇದರಿಂದಲೇ.

ಆಧುನಿಕ ವರ್ಗೀಕರಣದ ಪ್ರಕಾರ ಈ ಸಂಖ್ಯೆಯ ಏಕೈಕ ಅವಿಭಾಜ್ಯ ಅಪವರ್ತನ ಎರಡು. ಒಂದನ್ನೂ ಸಂಖ್ಯೆಯನ್ನೂ ಸೇರಿಸಿ ಇದಕ್ಕೆ 97 ಭಾಜಕಗಳಿವೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ ಬರುತ್ತದೆ. ಪರಿಪೂರ್ಣ ಸಂಖ್ಯೆಯಾಗಲು ಒಂದೇ ಒಂದು ಸಾಲದು. 96ಕ್ಕೆ ಎರಡೂ ಮೂರೂ ಭಾಜಕಗಳಾದುದರಿಂದ ಇದು ಪೂರ್ಣವರ್ಗವೂ ಹೌದು, ಪೂರ್ಣಘನವೂ ಹೌದು. ಆರನೆಯ ಮತ್ತು ಏಳನೆಯ ವರ್ಗಗಳ ನಡುವೆ ಇದು ಗುಣೋತ್ತರ ಮಧ್ಯದಲ್ಲಿ ನಿಲ್ಲುತ್ತದೆ: ಆ ಎರಡು ವರ್ಗಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಇದೇ ಸಂಖ್ಯೆ.

ಈ ಕೊನೆಯ ಗುಣವು ಒಂದು ಹಳೆಯ ವಿವಾದದ ಹೊಸ್ತಿಲಿಗೆ ಕರೆದೊಯ್ಯುತ್ತದೆ. ಷಟ್ಖಂಡಾಗಮದ ಸೂತ್ರವೊಂದು ಪರ್ಯಾಪ್ತ ಮನುಷ್ಯರ ಪ್ರಮಾಣಕ್ಕೆ ಎರಡು ಜೊತೆ ಮೇರೆಗಳನ್ನು ಹಾಕುತ್ತದೆ. ಕೋಟಿಯನ್ನು ಮೂರು ಸಲ ಇಟ್ಟು ಗುಣಿಸಿದ್ದಕ್ಕಿಂತ ಮೇಲೆ, ನಾಲ್ಕು ಸಲ ಇಟ್ಟು ಗುಣಿಸಿದ್ದಕ್ಕಿಂತ ಕೆಳಗೆ ಎಂಬುದು ಒಂದು ಜೊತೆ; ಆರನೆಯ ವರ್ಗದ ಮೇಲೆ, ಏಳನೆಯ ವರ್ಗದ ಕೆಳಗೆ ಎಂಬುದು ಇನ್ನೊಂದು. ಇಪ್ಪತ್ತೊಂಬತ್ತು ಅಂಕಗಳ ನಮ್ಮ ಸಂಖ್ಯೆ ಎರಡನೆಯ ಮೇರೆಯೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಕೋಟಿಯ ನಾಲ್ಕನೆಯ ಘಾತವೆಂದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ. ಅದಕ್ಕೂ ಇಪ್ಪತ್ತೊಂಬತ್ತೇ ಸ್ಥಾನ. ಅದು ಒಂದರಿಂದ ಆರಂಭವಾದರೆ ನಮ್ಮ ಸಂಖ್ಯೆ ಏಳರಿಂದ ಆರಂಭವಾಗುತ್ತದೆ. ಸ್ಥಾನಗಳನ್ನು ಮಾತ್ರ ಎಣಿಸಿದವನಿಗೆ ಎರಡೂ ಸಮ. ಅಂಕಗಳನ್ನು ಓದಿದವನಿಗೆ ಒಂದು ಇನ್ನೊಂದರ ಸುಮಾರು ಎಂಟುಪಟ್ಟು. ಸೂತ್ರದ ಮೊದಲ ಮೇರೆಯನ್ನು ಈ ಸಂಖ್ಯೆ ದಾಟಿಬಿಟ್ಟಿದೆ.

ಒಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ವೀರಸೇನರು ಈ ತೊಡಕನ್ನು ಬಲ್ಲರು. ಅವರು ಅದನ್ನು ಮುಚ್ಚಿಡಲಿಲ್ಲ. ಮನುಷ್ಯರು ವಾಸಿಸುವ ಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕಹಾಕಿ, ಅಷ್ಟು ದೊಡ್ಡ ರಾಶಿ ಆ ಕ್ಷೇತ್ರದಲ್ಲಿ ಹಿಡಿಸಲಾರದೆಂದು ತೋರಿಸಿದರು. ಧವಲೆಯ ಗಣಿತವನ್ನು ಇಪ್ಪತ್ತನೆಯ ಶತಮಾನದಲ್ಲಿ ಮೊದಲಿಗೆ ವಿವರವಾಗಿ ಪರಿಶೀಲಿಸಿದವರಲ್ಲಿ ಒಬ್ಬರಾದ ಅವಧೇಶ ನಾರಾಯಣ ಸಿಂಗ್ ಅವರು ಈ ಭಾಗದತ್ತ ಗಮನ ಸೆಳೆದಿದ್ದಾರೆ. ವೀರಸೇನರ ತರುವಾಯ, ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಈ ಸಂಖ್ಯೆಯನ್ನೇ ಅಂಗೀಕರಿಸಿ ನಮೂದಿಸಿದ್ದಾರೆ. ಗೊಮ್ಮಟಸಾರವು ಧವಲೆಯ ಪರಂಪರೆಯಿಂದಲೇ ಸಾರವನ್ನು ಸಂಗ್ರಹಿಸಿದ ಗ್ರಂಥವೆಂಬುದನ್ನು ನೆನೆದರೆ ಈ ಭಿನ್ನಮತದ ತೂಕ ತಿಳಿಯುತ್ತದೆ. ‘ಜೈನಪರಂಪರೆ ಹೀಗೆ ಹೇಳುತ್ತದೆ’ ಎಂದು ಏಕವಚನದಲ್ಲಿ ಬರೆಯುವ ಸಂಶೋಧನ ಪ್ರಬಂಧಗಳಿಗೆ ಈ ಒಂದು ಉದಾಹರಣೆ ಸಾಕಾದ ಎಚ್ಚರಿಕೆ. ಪರಂಪರೆ ಇಲ್ಲಿ ತನ್ನೊಳಗೇ ವಾದಿಸುತ್ತಿದೆ. ವಾದದ ಆಯುಧ ಗುಣಾಕಾರ.

ಇನ್ನು ಈ ಸಂಖ್ಯೆ ಕಾವ್ಯರೂಪ ತಳೆದ ಬಗೆ. ಜೀವಕಾಂಡದ ಗಾಥೆಯೊಂದು ಇಪ್ಪತ್ತೊಂಬತ್ತು ಅಂಕಗಳನ್ನೂ ಕಟಪಯಾದಿ ಕ್ರಮದಲ್ಲಿ ಅಕ್ಷರಗಳಾಗಿ ಹೆಣೆದಿದೆ. ಈ ಕ್ರಮದಲ್ಲಿ ಕಕಾರದಿಂದ ಝಕಾರದವರೆಗೆ, ಟಕಾರದಿಂದ ಧಕಾರದವರೆಗೆ ಒಂದರಿಂದ ಒಂಬತ್ತು, ಪಕಾರದಿಂದ ಮಕಾರದವರೆಗೆ ಒಂದರಿಂದ ಐದು, ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು, ಞಕಾರ-ನಕಾರಗಳು ಸೊನ್ನೆ. ಸ್ವರಚಿಹ್ನೆಗಳಿಗೆ ಬೆಲೆಯಿಲ್ಲ. ಅಂಕಗಳು ಬಲದಿಂದ ಎಡಕ್ಕೆ ಸಾಗುವ ಕಾರಣ ಗಾಥೆಯ ಮೊದಲ ಅಕ್ಷರವಾದ ತಕಾರವು ಬಿಡಿಸ್ಥಾನದ 6, ಸಂಖ್ಯೆಯ ತುದಿಯ 7 ಸಕಾರ. ಪೂರ್ವಾರ್ಧದಲ್ಲಿ ಇಪ್ಪತ್ತೆರಡು ಅಂಕಗಳೂ ಉತ್ತರಾರ್ಧದ ಮೊದಲಿಗೆ ಏಳು ಅಂಕಗಳೂ ಇವೆ.

ಛಂದಸ್ಸಿನ ವಿದ್ಯಾರ್ಥಿಗೆ ಇಲ್ಲಿ ಅಪೂರ್ವವಾದ ಒಂದು ವಿಷಯವಿದೆ. ಗಾಥೆಯ ಪೂರ್ವಾರ್ಧಕ್ಕೆ ಹನ್ನೆರಡು ಮತ್ತು ಹದಿನೆಂಟು, ಒಟ್ಟು ಮೂವತ್ತು ಮಾತ್ರೆ. ಕವಿಗೆ ವ್ಯಂಜನಗಳ ಆಯ್ಕೆಯಲ್ಲಿ ಸ್ವಾತಂತ್ರ್ಯ ತೀರ ಕಡಿಮೆ. ಪ್ರತಿ ಅಂಕಕ್ಕೂ ಹೆಚ್ಚೆಂದರೆ ನಾಲ್ಕು ವ್ಯಂಜನಗಳು ದೊರಕುತ್ತವೆ. ಸ್ವರಗಳಲ್ಲಿ ಸ್ವಾತಂತ್ರ್ಯವಿದ್ದರೂ ಮಾತ್ರೆಯ ಲೆಕ್ಕ ಅದನ್ನು ಹ್ರಸ್ವ-ದೀರ್ಘಗಳಲ್ಲಿ ಬಿಗಿಹಿಡಿಯುತ್ತದೆ. ಹೀಗೆ ಅಂಕವು ವ್ಯಂಜನವನ್ನು ಕಾಯುತ್ತದೆ, ಮಾತ್ರೆಯು ಸ್ವರವನ್ನು ಕಾಯುತ್ತದೆ. ಓಲೆಯ ಮೇಲೆ ಅಂಕಿಗಳಾಗಿ ಬರೆದಿದ್ದರೆ ಒಂದು ಅಂಕಿ ಅಳಿಸಿಹೋದರೂ ಓದುಗನಿಗೆ ಗೊತ್ತಾಗುವ ದಾರಿಯಿರಲಿಲ್ಲ. ಗಾಥೆಯಲ್ಲಿ ಒಂದಕ್ಷರ ಬಿದ್ದುಹೋದರೆ ಬಾಯಿಪಾಠ ಮಾಡಿದವನ ಕಿವಿಗೇ ಅದು ತಿಳಿಯುತ್ತದೆ.

ಪಾಠಪರಿಷ್ಕರಣಕ್ಕೆ ಇದರಿಂದ ಒದಗುವ ಸಹಾಯವನ್ನು ಒಂದು ನಿದರ್ಶನದಿಂದ ತೋರಿಸಬಹುದು. ಕನ್ನಡ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದು ಸಣ್ಣ ಗೀಟು. ಗಾಥೆಯಲ್ಲಿರುವ ಒಂದು ಧಕಾರವನ್ನು ಲಿಪಿಕಾರನೊಬ್ಬ ದಕಾರವಾಗಿ ಬರೆದನೆಂದು ಭಾವಿಸೋಣ. ಕಟಪಯಾದಿಯಲ್ಲಿ ಧಕಾರ 9, ದಕಾರ 8. ಮೂಲಸಂಖ್ಯೆಯ ಅಂಕಗಳನ್ನೆಲ್ಲ ಕೂಡಿದರೆ 127. ಒಂಬತ್ತರಿಂದ ಭಾಗಿಸಿದರೆ ಶೇಷ 1. ಎರಡರ ಘಾತವು ಆರರ ಗುಣಕವಾದಾಗಲೆಲ್ಲ ಈ ಶೇಷ 1 ಬರಲೇಬೇಕು. 96 ಆರರ ಗುಣಕ. ತಪ್ಪುಪಾಠದಲ್ಲಿ ಮೊತ್ತ 126 ಆಗಿ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಎರಡರ ಯಾವ ಘಾತವೂ ಮೂರರಿಂದಲೇ ಭಾಗವಾಗದಿರುವಾಗ ಒಂಬತ್ತರ ಮಾತೆಲ್ಲಿ? ಆ ಪಾಠ ಅಸಾಧ್ಯವೆಂದು ಕಾಗದದ ಚೂರೊಂದರ ಮೇಲೆ ನಿರ್ಣಯಿಸಬಹುದು. ವಕಾರ (4) ಪಕಾರವಾಗಿ (1) ತೋರಿದರೂ ಇದೇ ಪರೀಕ್ಷೆ ಹಿಡಿದುಕೊಡುತ್ತದೆ.

ಅಕ್ಷರಗಳು ಸ್ಥಾನಪಲ್ಲಟವಾದರೆ ಮೊತ್ತ ಬದಲಾಗದು. ಆಗ ಹನ್ನೊಂದರ ಪರೀಕ್ಷೆ ಬೇಕು. ಬಿಡಿಸ್ಥಾನದಿಂದ ತೊಡಗಿ ಒಂದುಬಿಟ್ಟೊಂದು ಅಂಕಗಳನ್ನು ಕೂಡಿದರೆ 79, ಉಳಿದವನ್ನು ಕೂಡಿದರೆ 48, ಅಂತರ 31. ಅದನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ 9. ಎರಡರ 96ನೆಯ ಘಾತಕ್ಕೂ ಬರಬೇಕಾದ ಶೇಷ ಅದೇ. ಪಕ್ಕಪಕ್ಕದ ಎರಡು ಭಿನ್ನ ಅಂಕಗಳು ಅದಲುಬದಲಾದರೆ ಈ ಶೇಷ ಕೆಡುತ್ತದೆ. ಸೊನ್ನೆ-ಒಂಬತ್ತುಗಳ ಗೊಂದಲವನ್ನು ಮೊದಲ ಪರೀಕ್ಷೆ ಕಾಣದಿದ್ದರೂ ಇದು ಕಾಣುತ್ತದೆ. ಪೂರ್ಣ ಗುಣಾಕಾರವನ್ನೇ ಮಾಡಿ ಅಂಕಕ್ಕೆ ಅಂಕವನ್ನು ಹೋಲಿಸಲು ಈಗ ಯಂತ್ರಗಳಿವೆ, ನಿಜ. ಆದರೆ ಹಸ್ತಪ್ರತಿಯ ಮುಂದೆ ಕುಳಿತ ಸಂಶೋಧಕನಿಗೆ ಯಾವ ಪಾಠವನ್ನು ಶಂಕಿಸಬೇಕೆಂಬ ಬುದ್ಧಿ ಹುಟ್ಟುವುದು ಇಂತಹ ಅಭ್ಯಾಸದಿಂದ. ಪ್ರತಿಗಳ ಬಹುಮತ, ಪ್ರಾಚೀನತೆ, ಅರ್ಥೌಚಿತ್ಯ ಇವುಗಳಿಂದ ಪಾಠವನ್ನು ನಿರ್ಣಯಿಸುವಾಗ ಸದಾ ಒಂದಿಷ್ಟು ಸಂದೇಹ ಉಳಿಯುತ್ತದೆ. ಇಲ್ಲಿ ಉಳಿಯುವುದಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಾಹಿತ್ಯದ ಅಧ್ಯಯನಕ್ಕೆ ರಸ, ಭಾವ, ಧ್ವನಿಗಳೇ ವಿಷಯ, ಗಣಿತ ಪರಕೀಯವೆಂಬುದು ಮೊದಲನೆಯದು. ಕನ್ನಡದ ಮಟ್ಟಿಗೆ ಇದು ನಿಲ್ಲುವ ಮಾತಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದದ್ದು ಕನ್ನಡದಲ್ಲಿ. ಕೇಶವವರ್ಣಿಯು ಗೊಮ್ಮಟಸಾರಕ್ಕೆ ವಿಸ್ತಾರವಾದ ವೃತ್ತಿಯನ್ನು 1359ರಲ್ಲಿ ಪೂರೈಸಿದ್ದು ಸಂಸ್ಕೃತಮಿಶ್ರಿತ ಕನ್ನಡದಲ್ಲಿ. ಮುಂದೆ ಬಂದ ಸಂಸ್ಕೃತ ಜೀವತತ್ತ್ವಪ್ರದೀಪಿಕೆ ಆ ಕನ್ನಡ ವೃತ್ತಿಯನ್ನೇ ಅನುಸರಿಸಿದ್ದೆಂದು ಆ. ನೇ. ಉಪಾಧ್ಯೆಯವರು ಸಾಧಿಸಿ ತೋರಿಸಿದರು. ಕನ್ನಡದಿಂದ ಸಂಸ್ಕೃತಕ್ಕೆ ಶಾಸ್ತ್ರವು ಹರಿದ ಈ ವಿರಳ ನಿದರ್ಶನವನ್ನು ಕನ್ನಡ ವಿಭಾಗಗಳು ತಮ್ಮ ಹೆಮ್ಮೆಯ ಪಾಠವಾಗಿ ಮಾಡಿಕೊಳ್ಳಬೇಕಿತ್ತು. ಧವಲೆಯ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಭಾಷೆ ಪ್ರಾಕೃತವಾದರೂ ಓದುವ ಕಣ್ಣು ಕನ್ನಡದ್ದೇ ಆಗಿರಬೇಕು. ಆ ಲಿಪಿಯ ಯಾವ ಅಕ್ಷರ ಯಾವುದರಂತೆ ತೋರುತ್ತದೆಂದು ಬಲ್ಲವನು ಕನ್ನಡದ ವಿದ್ಯಾರ್ಥಿಯೇ ಹೊರತು ಗಣಿತದ ಪ್ರಾಧ್ಯಾಪಕನಲ್ಲ.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಇಂತಹ ಸಂಖ್ಯೆಗಳನ್ನು ಎತ್ತಿ ಆಡುವುದರಿಂದ ‘ಎಲ್ಲವೂ ನಮ್ಮಲ್ಲಿತ್ತು’ ಎಂಬ ಹುಸಿ ಅಭಿಮಾನಕ್ಕೆ ಇಂಬು ಸಿಗುತ್ತದೆಂಬ ಶಂಕೆ ಅದು. ಶಂಕೆ ನಿರಾಧಾರವಲ್ಲ. ಒಂದು ಪ್ರಸಿದ್ಧ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹಣಕಾಸಿನ ಲೆಕ್ಕಕ್ಕೆಂದು ಇರುವ ದಶಮಾಂಶ ಪ್ರಕಾರವು ಹಿಡಿಯಬಲ್ಲ ಅತಿದೊಡ್ಡ ಪೂರ್ಣಸಂಖ್ಯೆ ನಮ್ಮ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ. ಇದನ್ನು ತೋರಿಸಿ ಆಗಮಕಾರರಿಗೆ ಗಣಕಯಂತ್ರ ಗೊತ್ತಿತ್ತೆಂದು ಸಾರುವುದು ಸುಲಭ. ಅಲ್ಲಿ ಮೂವತ್ತೆರಡು ದ್ವಿಮಾನ ಸ್ಥಾನಗಳ ಮೂರು ತುಂಡುಗಳನ್ನು ಜೋಡಿಸಿದ್ದಾರೆ, ಇಲ್ಲಿ ಐದನೆಯ ವರ್ಗವನ್ನು ಘನ ಮಾಡಿದ್ದಾರೆ. ಎರಡನ್ನು ಮತ್ತೆ ಮತ್ತೆ ವರ್ಗಿಸುವ ಯಾರಿಗಾದರೂ 32 ಎದುರಾಗುತ್ತದೆ, ಅದನ್ನು ಮೂರುಪಟ್ಟು ಮಾಡಿದರೆ 96. ಹೋಲಿಕೆಗೆ ಕಾರಣ ಎರಡೆಂಬ ಸಂಖ್ಯೆಯ ಸ್ವಭಾವ. ಹಾಗೆಯೇ ಅರ್ಧಚ್ಛೇದದ ನಿಯಮವನ್ನು 1614ರಲ್ಲಿ ನೇಪಿಯರ್ ಪ್ರಕಟಿಸಿದ ಲಘುಗಣಕಗಳೊಡನೆ ಹೋಲಿಸುವುದು ಯುಕ್ತ. ಎರಡೂ ಒಂದೇ ಎನ್ನುವುದು ಯುಕ್ತವಲ್ಲ. ನೇಪಿಯರನ ಗುರಿ ಗುಣಾಕಾರದ ಶ್ರಮವನ್ನು ತಗ್ಗಿಸುವ ಕೋಷ್ಟಕ. ವೀರಸೇನರ ಗುರಿ ರಾಶಿಗಳ ತಾರತಮ್ಯವನ್ನು ನಿರ್ಣಯಿಸುವುದು. ಉದ್ದೇಶಗಳನ್ನು ಅಳಿಸಿ ಸಾಮ್ಯವನ್ನು ಮಾತ್ರ ಉಳಿಸಿದರೆ ಇಬ್ಬರಿಗೂ ಅನ್ಯಾಯ.

ಹುಸಿ ಅಭಿಮಾನಕ್ಕೆ ಮದ್ದು ಮೌನವಲ್ಲ, ಓದು. ಈ ಸಂಖ್ಯೆಯನ್ನು ಇಂದಿನ ಜನಗಣತಿಯೊಡನೆ ಹೋಲಿಸಿ ನಗುವವರೂ, ಯಂತ್ರದೊಡನೆ ಹೋಲಿಸಿ ಬೀಗುವವರೂ ಮೂಲಗ್ರಂಥದ ಬಳಿ ಸುಳಿದವರಲ್ಲ. ಸುಳಿದಿದ್ದರೆ, ಆ ರಾಶಿಯು ಹೇಳುತ್ತಿರುವುದು ಎರಡೂವರೆ ದ್ವೀಪಗಳ ವಿಶ್ವಕಲ್ಪನೆಯೊಳಗಿನ ಮಾತೆಂದೂ, ಆ ಕಲ್ಪನೆಯೊಳಗೇ ನಿಂತು ಒಬ್ಬ ಟೀಕಾಕಾರನು ಅದು ಹಿಡಿಸುವುದಿಲ್ಲವೆಂದು ಲೆಕ್ಕ ಮಾಡಿ ತೋರಿಸಿದ್ದನೆಂದೂ ಕಾಣುತ್ತಿತ್ತು. ಪೂಜ್ಯವೆನಿಸಿದ ಪಾಠವನ್ನು ಕೈಯಲ್ಲಿ ಹಿಡಿದು ಅದರ ಅಳತೆ ಸರಿಯಿದೆಯೇ ಎಂದು ಕೇಳುವ ಧೈರ್ಯ ಸಾವಿರದ ಇನ್ನೂರು ವರ್ಷಗಳ ಹಿಂದಿನದು. ಸಂಶೋಧನೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಗ್ರಂಥಸಂಪಾದನೆಯ ಪಠ್ಯದಲ್ಲಿ ಕಟಪಯಾದಿಗೆ ಎರಡು ತರಗತಿ, ಒಂಬತ್ತು-ಹನ್ನೊಂದರ ಪರೀಕ್ಷೆಗೆ ಒಂದು ತರಗತಿ ಸಾಕು. ಕೇಶವವರ್ಣಿಯ ವೃತ್ತಿಯಿಂದ ಸಂಖ್ಯಾಪ್ರಕರಣದ ನಾಲ್ಕು ಪುಟಗಳನ್ನು ಹಳಗನ್ನಡ ಗದ್ಯದ ಮಾದರಿಯಾಗಿ ಸ್ನಾತಕೋತ್ತರ ಪಠ್ಯಕ್ಕೆ ಸೇರಿಸಬಹುದು. ವಡ್ಡಾರಾಧನೆಯ ಗದ್ಯ ಕಥೆ ಹೇಳುವುದನ್ನು ಕಲಿಸಿದರೆ ಈ ಗದ್ಯ ನಿಖರವಾಗಿ ಹೇಳುವುದನ್ನು ಕಲಿಸುತ್ತದೆ. ರಾಜಾದಿತ್ಯನ ಲೆಕ್ಕಗಳನ್ನು ಬಿಡಿಸಿ ನೋಡಿ, ಉತ್ತರ ಹೊಂದದಿರುವ ಕಡೆ ಪಾಠವನ್ನು ಶಂಕಿಸುವ ಪ್ರಬಂಧವೊಂದನ್ನು ವಿದ್ಯಾರ್ಥಿಯೊಬ್ಬ ಬರೆಯಬಹುದು. ಹೊಂದದ ಉತ್ತರಕ್ಕೆ ಲಿಪಿಕಾರ ಕಾರಣನೋ ಗ್ರಂಥಕಾರ ಕಾರಣನೋ ಎಂದು ಗಣಿತವೊಂದೇ ಹೇಳಲಾರದು. ಅಲ್ಲಿಂದ ಮುಂದಿನ ವಿಚಾರಣೆ ಲಿಪಿ, ಭಾಷೆ, ಛಂದಸ್ಸುಗಳನ್ನು ಬಲ್ಲವನದು. ಆ ವಿಚಾರಣೆಗೆ ಸಿದ್ಧನಾದವನು ಗಣಿತದ ಪುಟ ಬಂದಾಗ ಅದನ್ನು ತಿರುಗಿಸಿ ಹಾಕದೆ ಓದಬೇಕು.